ಮಾತ್ರೆ ಹೋಲಿಕೆ ಮಾಡೋರಿಗೆ ಒಂದ್ ಮಾತು

ಎಲ್ರಿಗೂ ನಮಸ್ಕಾರ, ನಿನ್ನೆ ರಾತ್ರಿಯಿಂದ ನಮ್ಮ ಗ್ರೂಪಲ್ಲಿ ಡಿಪ್ರೆಶನ್ನಿಗೆ ಯಾವ ಮಾತ್ರೆ ಒಳ್ಳೇದು ಅಂತ ನಡೀತಿರೋದೆಲ್ಲಾ ಓದ್ದೆ. ಅನುಭವ ಹೇಳ್ಕೊಳ್ಳಿ, ಅದಕ್ಕೇ ಅಲ್ವಾ ಗ್ರೂಪ್ ಇರೋದು, ಆದ್ರೆ "ನಂಗಾಯ್ತು ನೀವೂ ಅದನ್ನೇ ತಗೊಳ್ಳಿ" ಅನ್ನೋದು ಬೇಡ, ಡೋಸ್ ಹೇಳೋದಂತೂ ಬೇಡ್ವೇ ಬೇಡ.

ನಂದೇ ಹೇಳ್ತೀನಿ. ಮೊದ್ಲು ಎಸ್ಸಿಟಾಲೋಪ್ರಾಮ್ ಅನ್ನೋ ಡಿಪ್ರೆಶನ್ ಮಾತ್ರೆ ಕೊಟ್ರು, ಮೊದಲ ವಾರ ಬರೀ ವಾಕರಿಕೆ, ಒಗ್ಗರಣೆ ವಾಸನೆ ಬಂದ್ರೂ ಹೊಟ್ಟೆ ತೊಳಸೋದು, ಮನಸ್ಸಿಗೆ ಮಾತ್ರ ಏನೂ ಫರಕ್ಕಿಲ್ಲ, ನಾಲ್ಕನೇ ವಾರ ಒಂದಿನ ಯಾರೂ ಹೇಳ್ದೇನೇ ಕುರ್ಚಿ ಮೇಲಿದ್ದ ಬಟ್ಟೆ ಗುಡ್ಡೆನೆಲ್ಲಾ ಮಡಚಿಟ್ಟೆ ನೋಡಿ, ಆಗ ಗೊತ್ತಾಯ್ತು ಮಾತ್ರೆ ಕೆಲಸ ಮಾಡ್ತಿದೆ ಅಂತ. ಈ ಮಾತ್ರೆಗಳ ಪರಿಣಾಮ ಸರಿಯಾಗಿ ಕಾಣೋಕೆ 4ರಿಂದ 6 ವಾರ ಬೇಕು, ಹತ್ತೇ ದಿನಕ್ಕೆ ವೇಸ್ಟ್ ಅನ್ಬೇಡಿ. ಆಮೇಲೆ ಚೆನ್ನಾಗಿದೀನಲ್ಲ ಅಂತ ನಾನೇ ದಿಢೀರ್ ನಿಲ್ಲಿಸ್ದೆ (ಬುದ್ಧಿವಂತಿಕೆ!), ಮೂರನೇ ದಿನಕ್ಕೆ ತಲೆಯೊಳಗೆ ಕರೆಂಟ್ ಹೊಡ್ದಂಗೆ ಝುಮ್ ಝುಮ್, ತಲೆಸುತ್ತು. ನಿಲ್ಲಿಸೋದಾದ್ರೆ ಡಾಕ್ಟ್ರನ್ನ ಕೇಳಿ ನಿಧಾನಕ್ಕೆ ಕಮ್ಮಿ ಮಾಡ್ಬೇಕಂತೆ, ಈಗ ಗೊತ್ತು. ಈಗಿರೋದು ಮಿರ್ಟಾಜಪೀನ್ ಅನ್ನೋ ಇನ್ನೊಂದು ಡಿಪ್ರೆಶನ್ ಮಾತ್ರೆ, ನಿದ್ದೆ ಸೊಗಸು, ಆದ್ರೆ ರಾತ್ರಿ 11ಕ್ಕೆ ಚಕ್ಲಿ ಡಬ್ಬಿ ಹುಡುಕ್ತೀನಿ, ಪ್ಯಾಂಟೆಲ್ಲಾ ಬಿಗಿ. ನಮ್ಮಕ್ಕಂಗೆ ಅದೇ ಎಸ್ಸಿಟಾಲೋಪ್ರಾಮ್ ಒಂಚೂರೂ ತೊಂದ್ರೆ ಕೊಟ್ಟಿಲ್ಲ, ಒಂದೇ ಮನೆ, ಒಂದೇ ರಕ್ತ!

ಇನ್ನೊಂದು, ಶುರುವಲ್ಲಿ ಅಥವಾ ಡೋಸ್ ಬದಲಾದಾಗ, ಅದ್ರಲ್ಲೂ 25 ವರ್ಷದೊಳಗಿನೋರಿಗೆ, ಚಡಪಡಿಕೆ ಜಾಸ್ತಿಯಾದ್ರೆ ಇಲ್ಲಾ ಸಾಯೋ ಯೋಚ್ನೆ ಬಂದ್ರೆ ಇಲ್ಲಿ ಟೈಪ್ ಮಾಡ್ತಾ ಕೂರ್ಬೇಡಿ, ತಕ್ಷಣ ಡಾಕ್ಟ್ರಿಗೆ ಹೇಳಿ, ಸಿಗ್ಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದಿನದ 24 ಗಂಟೆನೂ ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಪ್ರಿಸ್ಕ್ರಿಪ್ಶನ್ ಫೋಟೋ ಹಾಕಿದೋರು ದಯವಿಟ್ಟು ಡಿಲೀಟ್ ಮಾಡಿ, ಹೆಸರು ಕಾಣ್ತಿದೆ.