ಪುರಸ್ಕಾರ ಪಂಚಾಯಿತಿಗೆ, ನಮಸ್ಕಾರ ನೀರುಗಂಟಿಗೆ

ಒಳ್ಳೆಯ ಕೆಲಸ ಮಾಡಿದ ಗ್ರಾಮ ಪಂಚಾಯಿತಿಗಳಿಗೆ ರಾಜ್ಯ ಸರ್ಕಾರ ಕೊಡುವ ಗಾಂಧಿ ಗ್ರಾಮ ಪುರಸ್ಕಾರಕ್ಕೆ ನಮ್ಮ ಪಂಚಾಯಿತಿ ಆಯ್ಕೆಯಾದ ದಿನದಿಂದ, ಅಧ್ಯಕ್ಷೆಯಾದ ನನ್ನ ಫೋನಿಗೆ ಬಿಡುವಿಲ್ಲ. ಅಭಿನಂದನೆ ಹೇಳಿದವರಿಗೆಲ್ಲ ‘ನಿಮ್ಮ ಸಹಕಾರದಿಂದಲೇ’ ಎಂದು ಒಂದೇ ಮಾತು ಹೇಳಿ ಹೇಳಿ ನನಗೇ ಬೇಸರವಾಗಿದೆ. ಎಲ್ಲರ ಸಹಕಾರವೂ ಒಂದೇ ಅಳತೆಯದ್ದಾಗಿರಲಿಲ್ಲ ಎಂಬುದು ಊರಿಗೆ ಗೊತ್ತು, ನನಗೂ ಗೊತ್ತು. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ನಮ್ಮ ಪಂಚಾಯಿತಿಯ ಅಭಿವೃದ್ಧಿ ಯೋಜನೆಯಲ್ಲಿ ಏನಿತ್ತು ಎಂದು ವಿವರಿಸುವುದಿಲ್ಲ. ವಾರ್ಡ್ ಸಭೆಗಳಲ್ಲಿ ಗಂಟಲು ಹರಿಯುವಂತೆ ಕೂಗಾಡಿದವರೇ ಇದನ್ನು ಓದುತ್ತಿದ್ದೀರಿ, ನಿಮಗೆ ನಾನು ಹೇಳುವುದೇನಿದೆ? ರಾತ್ರಿ ಹತ್ತರವರೆಗೂ ಕಚೇರಿಯ ದೀಪ ಆರಿಸದ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಸರ್ವರ್ ಕೈಕೊಟ್ಟಾಗಲೆಲ್ಲ ಬೈದುಕೊಳ್ಳುತ್ತಲೇ ಪುರಸ್ಕಾರದ ಪ್ರಶ್ನಾವಳಿ ತುಂಬಿಸಿದ ಡೇಟಾ ಎಂಟ್ರಿ ಆಪರೇಟರ್, ಗ್ರಂಥಾಲಯವನ್ನೇ ಸಭಾಂಗಣ ಮಾಡಿಕೊಟ್ಟ ಮೇಲ್ವಿಚಾರಕಿ, ಕಸ ಒಯ್ಯುವ ಸ್ವಚ್ಛ ವಾಹಿನಿ ಓಡಿಸುವ ನಮ್ಮ ಹುಡುಗಿ, ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದವರು, ಮಕ್ಕಳ ಗ್ರಾಮ ಸಭೆಯಲ್ಲಿ ‘ಶೌಚಾಲಯಕ್ಕೆ ಬಾಗಿಲಿದೆ, ಚಿಲಕ ಎಲ್ಲಿ?’ ಎಂದು ಕೇಳಿ ನಮ್ಮೆಲ್ಲರ ಬಾಯಿ ಮುಚ್ಚಿಸಿದ ಆರನೇ ತರಗತಿಯ ಹುಡುಗ, ಎಲ್ಲರಿಗೂ ಕೈ ಮುಗಿದಿದ್ದೇನೆ.

ಇನ್ನು ನಮ್ಮ ನೀರುಗಂಟಿಯ ವಿಷಯ.

ಹೆಸರು ಬರೆಯುತ್ತಿಲ್ಲ. ಊರಿನವರಿಗೆ ಹೆಸರಿನ ಅಗತ್ಯವಿಲ್ಲ, ಹೊರಗಿನವರಿಗೆ ಅದರಿಂದ ಪ್ರಯೋಜನವಿಲ್ಲ. ಅವರ ತಂದೆ, ತಾತ ಕೆರೆಯ ತೂಬು ನೋಡಿಕೊಂಡು ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುತ್ತಿದ್ದವರು. ಇವರು ಪಂಚಾಯಿತಿಯ ಮೋಟರು, ವಾಲ್ವು, ಓವರ್‌ಹೆಡ್ ಟ್ಯಾಂಕು ನೋಡಿಕೊಳ್ಳುತ್ತಾರೆ. ಕೆಲಸ ಬದಲಾಗಿದೆ, ಹೆಸರು ಅದೇ ಉಳಿದಿದೆ. ಸಭೆ ನಡೆಯುವಾಗ ಒಳಗೆ ಕುರ್ಚಿ ಖಾಲಿಯಿದ್ದರೂ ಬಾಗಿಲ ಬಳಿ ನಿಲ್ಲುತ್ತಾರೆ. ಯಾಕೆ ನಿಲ್ಲುತ್ತಾರೆ ಎಂದು ನಾವು ಯಾರೂ ಕೇಳಿರಲಿಲ್ಲ. ಉತ್ತರ ಗೊತ್ತಿದ್ದ ಕಾರಣ ಕೇಳಿರಲಿಲ್ಲ.

ಹಿಂದಿನ ಅವಧಿಯಲ್ಲಿ ನಾನು ಬರೀ ಸದಸ್ಯೆ. ಕೆರೆ ತುಂಬಿ ಹೆಚ್ಚಾದ ನೀರು ಹರಿಯುವ ಕೋಡಿ ಹಳ್ಳದ ಪಕ್ಕದ ತಗ್ಗಿನಲ್ಲಿ ಆಶ್ರಯ ನಿವೇಶನ ಮಾಡುವ ವಿಷಯ ಗ್ರಾಮ ಸಭೆಗೆ ಬಂತು. ಸರ್ಕಾರಿ ಜಾಗ, ಬಸ್ ನಿಲ್ದಾಣಕ್ಕೆ ಹತ್ತಿರ, ತಕರಾರಿಲ್ಲ. ಬಾಗಿಲ ಬಳಿಯಿಂದ ಇವರು, ‘ಅಲ್ಲಿ ಕೋಡಿ ನೀರು ಬರುತ್ತದೆ’ ಎಂದರು. ‘ಕೆರೆಯೇ ತುಂಬದೆ ವರ್ಷಗಳಾದವು, ಕೋಡಿ ಎಲ್ಲಿಂದ ಬೀಳುತ್ತದಪ್ಪಾ?’ ಎಂದು ಯಾರೋ ಅಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಕೈ ಎತ್ತಿದೆ. ಬಡಾವಣೆಗೆ ಕಾಂಕ್ರೀಟ್ ರಸ್ತೆ ಆಯಿತು, ಹಳ್ಳ ದಾಟುವಲ್ಲಿ ಒಂದೇ ಪೈಪಿನ ಮೋರಿ ಇಟ್ಟರು. ಉದ್ಘಾಟನೆಯ ಕಲ್ಲಿನಲ್ಲಿ ನನ್ನ ಹೆಸರೂ ಇತ್ತು, ಮೂರನೇ ಸಾಲಿನಲ್ಲಿ.

2022ರ ಮಳೆ ನಿಮಗೆ ನೆನಪಿದೆ. ನಮ್ಮ ತುಮಕೂರು ಸೀಮೆಯಲ್ಲಿ ಬರಿದಾಗಿದ್ದ ಕೆರೆಗಳೆಲ್ಲ ಒಂದರ ಹಿಂದೊಂದು ಕೋಡಿ ಬಿದ್ದ ವರ್ಷ. ಹಗಲು ನಾವೆಲ್ಲ ಬಾಗಿನ ಬಿಟ್ಟು ಫೋಟೊ ತೆಗೆಸಿಕೊಂಡು ಬಂದೆವು. ರಾತ್ರಿ ಹನ್ನೊಂದಕ್ಕೆ ಇವರು ನಮ್ಮ ಮನೆಯ ಬಾಗಿಲು ಬಡಿದರು. ‘ಅಮ್ಮಾ, ಮೇಲಿನ ಕೆರೆಯ ಕೋಡಿಯೂ ನಮ್ಮ ಕೆರೆಗೇ ಬರುತ್ತಿದೆ. ಬಡಾವಣೆಯವರನ್ನು ಎಬ್ಬಿಸಬೇಕು.’

ಮನೆ ಮನೆ ಎಬ್ಬಿಸಿ, ಮಕ್ಕಳು ಮುದುಕರನ್ನು ಶಾಲೆಗೆ ಸಾಗಿಸಿದ ಕಥೆ ಎಲ್ಲರಿಗೂ ಗೊತ್ತು. ಅದರಲ್ಲಿ ಅರ್ಧ ಊರೇ ಇತ್ತು. ಆದರೆ ರಾತ್ರಿ ಒಂದು ಗಂಟೆ ದಾಟಿದ ಮೇಲೆ ಉಳಿದವರು ಕೆಲವೇ ಮಂದಿ. ಎರಡು ಗಂಟೆಗೆ, ನಿಜ ಹೇಳುತ್ತೇನೆ, ನಾವಿಬ್ಬರೇ.

ಮನೆಗಳ ಒಳಗೆ ಮೊಣಕಾಲಿನವರೆಗೆ ನೀರು. ಇವರು ಟಾರ್ಚ್ ಹಿಡಿದು ಹಳ್ಳದ ಉದ್ದಕ್ಕೂ ಓಡಾಡಿ ಬಂದು, ‘ಕೆರೆಯ ತಪ್ಪಲ್ಲ, ರಸ್ತೆ ಅಡ್ಡ ನಿಂತಿದೆ’ ಎಂದರು. ಒಂದು ಪೈಪಿನ ಮೋರಿಗೆ ಜಾಲಿ ಕಂಟಿ, ಪ್ಲಾಸ್ಟಿಕ್, ಯಾರದೋ ಕೊಟ್ಟಿಗೆಯ ಮೇವು ಎಲ್ಲ ಸೇರಿ ಬಿರಡೆ ಹಾಕಿದಂತಾಗಿತ್ತು. ನನ್ನ ಹೆಸರಿನ ಕಲ್ಲಿದ್ದ ರಸ್ತೆಯೇ ಏರಿಯಾಗಿ ಬಡಾವಣೆಯೇ ಕೆರೆಯಾಗಿತ್ತು. ‘ಕಡಿಯಬೇಕು ಅಮ್ಮಾ. ನೀವು ಹೂಂ ಅನ್ನಬೇಕು.’ ಪಂಚಾಯಿತಿಯ ಆಸ್ತಿ, ಠರಾವಿಲ್ಲ, ಅಧ್ಯಕ್ಷರ ಫೋನ್ ಸಿಗುತ್ತಿಲ್ಲ. ಹೂಂ ಅಂದೆ. ಪಕ್ಕದ ಊರಿನಿಂದ ಜೆಸಿಬಿ ಬರುವವರೆಗೆ ಆ ಮನುಷ್ಯ ಸೊಂಟದವರೆಗಿನ ನೀರಿನಲ್ಲಿ ನಿಂತು ಹಾರೆಯಿಂದ ರಸ್ತೆಯ ಅಂಚಿನ ಮಣ್ಣು ಕೆದರುತ್ತಲೇ ಇದ್ದರು. ನಾಲ್ಕರ ಹೊತ್ತಿಗೆ ರಸ್ತೆ ಬಾಯಿಬಿಟ್ಟಿತು. ನೀರು ಸದ್ದು ಮಾಡಿಕೊಂಡು ಇಳಿಯಿತು.

ಆಮೇಲೂ ಅವರು ಮನೆಗೆ ಹೋಗಲಿಲ್ಲ. ಏರಿಯಲ್ಲಿ ಜಿನುಗು ಕಂಡಿದೆ, ಬೆಳಗಿನವರೆಗೆ ನೋಡಬೇಕು ಎಂದು ತೂಬಿನ ಹತ್ತಿರ ಕುಳಿತರು. ನಾನೂ ಕುಳಿತೆ. ತೂಬಿನ ಕಲ್ಲುಕಂಬದ ಮೇಲೆ ಅವರ ತಾತ ಕೊರೆದ ಗುರುತುಗಳಿವೆಯಂತೆ. ‘ಆ ಗೀಟು ಮುಳುಗಿದರೆ ನನ್ನನ್ನು ಎಬ್ಬಿಸಿ’ ಎಂದು ನನ್ನ ಕೈಗೆ ಟಾರ್ಚ್ ಕೊಟ್ಟು, ಕುಳಿತಲ್ಲೇ ಕಣ್ಣು ಮುಚ್ಚಿದರು. ಹತ್ತು ನಿಮಿಷವೂ ಮಲಗಲಿಲ್ಲ. ಎದ್ದು, ಲುಂಗಿಯ ಮಡಿಕೆಯಿಂದ ಬೇಯಿಸಿದ ಕಡಲೆಕಾಯಿ ತೆಗೆದು ನನಗೆ ಅರ್ಧ ಕೊಟ್ಟರು. ನೆನೆದು ಒದ್ದೆಯಾಗಿದ್ದವು.

ಅದೇ ಹೊತ್ತಿಗೆ ನನಗೆ ನೆನಪಾಯಿತು, ಅವರಿಗೆ ಐದು ತಿಂಗಳ ಸಂಬಳ ಬಾಕಿಯಿತ್ತು. ಹಿಂದಿನ ವಾರದ ಸಭೆಯಲ್ಲಿ ‘ಮುಂದಿನ ಕಂತು ಬರಲಿ, ನೋಡೋಣ’ ಎಂದು ಆ ವಿಷಯವನ್ನು ಮುಂದಕ್ಕೆ ಹಾಕಿದವರಲ್ಲಿ ನಾನೂ ಒಬ್ಬಳು. ಕಡಲೆಕಾಯಿ ಗಂಟಲಲ್ಲಿ ಇಳಿಯಲಿಲ್ಲ. ಅಂದು ಗ್ರಾಮ ಸಭೆಯಲ್ಲಿ ನಾನು ನಕ್ಕಿದ್ದನ್ನು ಅವರು ನೋಡಿದ್ದರೋ ಇಲ್ಲವೋ ಗೊತ್ತಿಲ್ಲ. ನೋಡಿದ್ದರೆಂದೇ ನನ್ನ ಅನಿಸಿಕೆ. ಆ ರಾತ್ರಿಯಿಂದ ಈ ದಿನದವರೆಗೆ ‘ನಾನು ಆಗಲೇ ಹೇಳಿದ್ದೆ’ ಎಂಬ ಮಾತು ಅವರ ಬಾಯಿಂದ ಬಂದಿಲ್ಲ. ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸರಿ. ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ.

ಮರುವರ್ಷ ಮೀಸಲಾತಿಯ ದೆಸೆಯಿಂದ ಅಧ್ಯಕ್ಷ ಸ್ಥಾನ ನನ್ನ ಪಾಲಿಗೆ ಬಂತು. ಮೊದಲು ಮಾಡಿದ ಕೆಲಸ ಸಂಬಳದ ಬಾಕಿ ತೀರಿಸಿದ್ದು. ಅದನ್ನು ಹೆಚ್ಚುಗಾರಿಕೆಯೆಂದು ಹೇಳುತ್ತಿಲ್ಲ. ಎರಡನೆಯದು, ನಮ್ಮ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯನ್ನು ಮೇಜಿನ ಮೇಲಿನಿಂದ ನೆಲಕ್ಕೆ ಇಳಿಸಿದ್ದು. ಅಲ್ಲಿಯವರೆಗೆ ನಮ್ಮಲ್ಲಿ ಯೋಜನೆ ಎಂದರೆ ಸದಸ್ಯರಿಗೆ ತಲಾ ಇಷ್ಟು ಚರಂಡಿ, ಇಷ್ಟು ಬೀದಿದೀಪ ಎಂದು ಹಂಚಿಕೊಳ್ಳುವ ಪಟ್ಟಿ. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ತರಬೇತಿಯಲ್ಲಿ ಊರಿನ ನಕ್ಷೆಯನ್ನು ಜನರಿಂದಲೇ ನೆಲದ ಮೇಲೆ ಬರೆಸುವುದನ್ನು ಹೇಳಿಕೊಟ್ಟಿದ್ದರು. ಆ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬರ ಹೆಸರಿದೆ. ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎಂದೇ ಕರೆಸಿಕೊಂಡ ಮಂತ್ರಿ ಅವರು.

ಶಾಲೆಯ ಅಂಗಳದಲ್ಲಿ ಹೆಂಗಸರು ರಂಗೋಲಿ ಪುಡಿಯಿಂದ ಊರು ಬರೆದರು. ಚೆನ್ನಾಗಿಯೇ ಬಂತು. ಬಾಗಿಲ ಬಳಿಯವರನ್ನು ಕರೆದೆ. ಚಪ್ಪಲಿ ಬಿಟ್ಟು ನಕ್ಷೆಯ ಒಳಗೆ ನಡೆದರು, ಬಗ್ಗಿದರು, ಬೆರಳಿನಿಂದ ಗೆರೆಗಳನ್ನು ಅಳಿಸಿ ಬೇರೆ ಗೆರೆ ಎಳೆದರು. ಹುಗಿದುಹೋದ ಎರಡು ಪೋಷಕ ಕಾಲುವೆ, ಒತ್ತುವರಿಯಾದ ಒಂದು ಹಳ್ಳ, ಕೋಡಿ ನೀರು ಹರಡಿಕೊಳ್ಳುವ ಅಗಲ. ಮಧ್ಯಾಹ್ನ ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆ ತರಿಸಿ ಪಕ್ಕದಲ್ಲಿಟ್ಟೆವು. ಎರಡೂ ಕಾಲುವೆಗಳು ಅಲ್ಲಿದ್ದವು.

ಉಳಿದದ್ದೆಲ್ಲ ಆ ಗೆರೆಗಳಿಂದ ಹೊರಟಿದ್ದು. ಕಾಲುವೆಗಳ ಹೂಳು ಉದ್ಯೋಗ ಖಾತ್ರಿಯಲ್ಲಿ ಎತ್ತಿಸಿದೆವು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ನೀರು, ನೈರ್ಮಲ್ಯಕ್ಕೇ ಬಳಸಬೇಕೆಂಬ ಕಟ್ಟುಪಾಡು ಮೊದಲು ನಮಗೆ ಕಿರಿಕಿರಿಯಾಗಿತ್ತು. ಈ ನಕ್ಷೆ ಬಂದ ಮೇಲೆ ಅದು ಸಾಲದಾಯಿತು. ಹೊಸ ನಿವೇಶನಗಳು ತಗ್ಗು ಬಿಟ್ಟು ದಿಬ್ಬದ ಮೇಲೆ ಹೋದವು. ಬಸ್ ನಿಲ್ದಾಣ ದೂರವಾಯಿತು ಎಂದು ನನ್ನನ್ನು ಬೈದವರು ಈಗಲೂ ಬೈಯುತ್ತಿದ್ದಾರೆ, ಅವರ ಮಾತಿನಲ್ಲಿ ಸುಳ್ಳಿಲ್ಲ. ಹಳ್ಳದ ದಡದಲ್ಲಿ ಲೇಔಟ್ ಮಾಡಲು ಬಂದವರಿಗೆ ಖಾತೆ ಆಗುವುದಿಲ್ಲ ಎಂದದ್ದಕ್ಕೆ ಏನೇನು ಕೇಳಬೇಕಾಯಿತು ಎಂಬುದು ಇಲ್ಲಿ ಬೇಡ.

ಹೊಗಳುವ ಭರದಲ್ಲಿ ಒಂದು ಮಾತು ಮುಚ್ಚಿಡಬಾರದು. ತಗ್ಗಿನ ಬಡಾವಣೆಯ 19 ಮನೆಗಳಲ್ಲಿ ದಿಬ್ಬಕ್ಕೆ ಬಂದವು ಏಳು ಮಾತ್ರ. ಉಳಿದ ಹನ್ನೆರಡು ಮನೆಯವರು ಸಾಲ ಮಾಡಿ ಕಟ್ಟಿದ ಗೋಡೆ ಬಿಟ್ಟು ಬರಲಾರರು. ಒಂದು ಪೈಪಿನ ಜಾಗದಲ್ಲಿ ಈಗ ಅಗಲವಾದ ಮೋರಿ ಇದೆ. ಆದರೂ ದೊಡ್ಡ ಮಳೆ ಬಂದ ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ಪುರಸ್ಕಾರದ ಸಮಾರಂಭಕ್ಕೆ ಬೆಂಗಳೂರಿಗೆ ಬನ್ನಿ ಎಂದು ಅವರನ್ನು ಕರೆದೆ. ‘ಅಂದು ಕೆಳಗಿನ ಬೀದಿಗೆ ನೀರು ಬಿಡುವ ದಿನ’ ಎಂದು ಬರಲಿಲ್ಲ. ವಾಪಸು ಬಂದು ಪಂಪ್ ಮನೆಯ ಬಳಿಯೇ ಶಾಲು ಹೊದಿಸಿದೆ. ಐದು ಲಕ್ಷ ರೂಪಾಯಿ ಬಹುಮಾನ ಎಂದಾಗ ಸ್ವಲ್ಪ ಯೋಚಿಸಿ, ‘ತೂಬಿಗೆ ಇಳಿಯುವ ಮೆಟ್ಟಿಲು ಮುರಿದಿದೆ’ ಎಂದರು. ಮೆಟ್ಟಿಲು ಈ ತಿಂಗಳ ಸಭೆಯ ವಿಷಯ ಪಟ್ಟಿಯಲ್ಲಿದೆ.

ಅವರಿಗೆ ವಯಸ್ಸಾಗಿದೆ, ಮೊಣಕಾಲು ನೋವು. ಆ ಗೆರೆಗಳೆಲ್ಲ ಇನ್ನೂ ಅವರ ತಲೆಯಲ್ಲೇ ಹೆಚ್ಚು, ನಮ್ಮ ಕಡತದಲ್ಲಿ ಕಡಿಮೆ. ಬರುವ ಭಾನುವಾರ ಬೆಳಿಗ್ಗೆ 6:30ಕ್ಕೆ ಕೋಡಿಯಿಂದ ಮೇಲಿನ ಕೆರೆಯವರೆಗೆ ಅವರ ಜೊತೆ ಕಾಲುವೆ ನಡೆಯುವುದಿದೆ. ಊರಿನ ಹುಡುಗರು, ಹುಡುಗಿಯರು ಬನ್ನಿ. ಪುಸ್ತಕ, ಪೆನ್ನು ತನ್ನಿ. ತಿಂಡಿಗೆ ನಮ್ಮ ಮನೆಯಲ್ಲಿ ಚಿತ್ರಾನ್ನ ಮಾಡಿಸಿರುತ್ತೇನೆ.