ಡೆಮೊ ನೋಡಿ ಸಹಿ ಹಾಕಬೇಡಿ

ಮಾನ್ಯ ಸಂಪಾದಕರೇ,

ಹೊಸ ಹುಡುಕಾಟದ ತಂತ್ರಾಂಶ ಬಂದಿದೆ, ಇಷ್ಟು ಪರ್ಸೆಂಟ್ ನಿಖರ ಅಂತ ಪೇಪರಿನಲ್ಲಿ ಸುದ್ದಿ ಬಂದಾಗಲೆಲ್ಲ ನನಗೆ ಏಳುವುದು ಒಂದೇ ಪ್ರಶ್ನೆ. ಅದರ ಮುಂದೆ ಯಾರನ್ನು ಕೂರಿಸಿ ನೋಡಿದಿರಿ?

ನಾನು ಡಿಗ್ರಿ ಕಾಲೇಜೊಂದರ ಗ್ರಂಥಪಾಲಕ. ಹಿಂದೆ ಇದ್ದ ಕಾಲೇಜಿಗೆ ಕಂಪ್ಯೂಟರ್ ಕ್ಯಾಟಲಾಗ್ ಬಂದಾಗ ಡೆಮೊ ಕೊಡಲು ಬಂದ ಹುಡುಗ ಪುಸ್ತಕದ ಹೆಸರನ್ನು ಒಂದಕ್ಷರ ತಪ್ಪದೆ ತಾನೇ ಟೈಪ್ ಮಾಡಿದ. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಪುಸ್ತಕ ಬಂತು. ನಾವೆಲ್ಲ ತಲೆಯಾಡಿಸಿದೆವು, ಬಿಲ್ ಪಾಸಾಯಿತು.

ಮುಂದಿನ ವಾರ ಬಿ.ಕಾಂ. ಹುಡುಗಿಯೊಬ್ಬಳು ಬಂದಳು. ಸ್ತ್ರೀಶಕ್ತಿ ಸಂಘಗಳ ಬಗ್ಗೆ ಪ್ರಾಜೆಕ್ಟ್ ಅಂತೆ. ಕನ್ನಡದಲ್ಲಿ ಟೈಪ್ ಮಾಡಿದಳು, ಸೊನ್ನೆ. ಕನ್ನಡ ಪುಸ್ತಕಗಳ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಏರಿಸಿದ್ದಾರೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಳು, ‘ಸಂಘ’ಕ್ಕೆ ಎಚ್ ಬಿಟ್ಟುಹೋಗಿತ್ತು, ಮತ್ತೆ ಸೊನ್ನೆ. ಕೊನೆಗೆ ಬರೀ ‘ಮಹಿಳಾ’ ಅಂತ ಹಾಕಿದಳು. ಪುಟಗಟ್ಟಲೆ ಪಟ್ಟಿ ಬಂತು. ಎರಡು ಪುಟ ನೋಡಿ, ಮೊದಲನೇ ಪುಸ್ತಕದ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಹೊರಟಳು. ಅದು ಬಾಣಂತಿಯರ ಆರೈಕೆಯ ಪುಸ್ತಕ. ಹೋಗುವಾಗ ಅಭಿಪ್ರಾಯ ಪುಸ್ತಕದಲ್ಲಿ ‘ತುಂಬಾ ಉಪಯುಕ್ತವಾಗಿದೆ’ ಅಂತ ಬರೆದು ಸಹಿ ಬೇರೆ ಹಾಕಿದಳು!

ರ‍್ಯಾಕ್ ಹತ್ತಿರ ನಮ್ಮ ಅಟೆಂಡರ್ ಸಿಕ್ಕಿದ್ದಕ್ಕೆ ಬಚಾವಾದಳು. ‘ಏನಕ್ಕಮ್ಮಾ ಬೇಕು?’ ಅಂದರು. ‘ಪ್ರಾಜೆಕ್ಟ್‌ಗೆ ಸಾರ್, ಸಂಘದ್ದು.’ ‘ಸಂಘ ಕಟ್ಟೋದಾ, ಸಾಲದ ವ್ಯವಹಾರದ್ದಾ?’ ಹುಡುಗಿ ಒಂದು ಗಳಿಗೆ ಯೋಚಿಸಿ ‘ಸಾಲದ್ದು’ ಅಂದಳು. ಕೇಳುವ ತನಕ ತನಗೆ ಬೇಕಾದ್ದು ಅದು ಅಂತ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಹುಡುಕುವುದು ಅಂದರೆ ಹೀಗೇ ಅಲ್ವಾ, ಹುಡುಕುತ್ತಾ ಹುಡುಕುತ್ತಾ ಪ್ರಶ್ನೆಯೇ ಬದಲಾಗುತ್ತದೆ.

ಹುಡುಕುವ ವ್ಯವಸ್ಥೆಗಳನ್ನು ಪರೀಕ್ಷೆಗೆ ಹಚ್ಚುವುದು ಹೊಸದೇನಲ್ಲ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ಎಂಬ ಗ್ರಂಥಪಾಲಕರು 1960ರ ದಶಕದಲ್ಲಿ 1400 ಲೇಖನ, ಇನ್ನೂರು ಚಿಲ್ಲರೆ ಪ್ರಶ್ನೆ ಇಟ್ಟುಕೊಂಡು ಯಾವ ಪ್ರಶ್ನೆಗೆ ಯಾವ ಲೇಖನ ಸರಿ ಅಂತ ಮೊದಲೇ ಗುರುತು ಹಾಕಿ, ಹುಡುಕುವ ಪದ್ಧತಿಗಳಿಗೆ ಅಂಕ ಕೊಟ್ಟರು. ಒಳ್ಳೆಯ ಕೆಲಸವೇ. ಪ್ರಶ್ನೆಗಳೂ ಸುಮ್ನೆ ಹೊಸೆದದ್ದಲ್ಲ, ಸಂಶೋಧಕರನ್ನೇ ಕೇಳಿ ಪಡೆದದ್ದು. ಅಮೆರಿಕದಲ್ಲಿ 1992ರಿಂದ ನಡೆಯುತ್ತಿರುವ ಟ್ರೆಕ್ (TREC) ಎಂಬ ಹುಡುಕಾಟ ವ್ಯವಸ್ಥೆಗಳ ಪರೀಕ್ಷೆಗಳೂ ಇದೇ ದಾರಿ ಹಿಡಿದವು. ಆದರೆ ಹೀಗೆ ಬರೆದಿಟ್ಟ ಪ್ರಶ್ನೆಗೆ ಬೇಜಾರಾಗುವುದಿಲ್ಲ, ಬಸ್ಸಿಗೆ ಹೊತ್ತಾಗುವುದಿಲ್ಲ. 2000ನೇ ಇಸವಿಯಲ್ಲಿ ಸಂಶೋಧಕರಾದ ವಿಲಿಯಂ ಹರ್ಷ್, ಆಂಡ್ರ್ಯೂ ಟರ್ಪಿನ್ ಮತ್ತವರ ಜೊತೆಗಾರರು, ಅಂಕದಲ್ಲಿ ಮುಂದಿದ್ದ ವ್ಯವಸ್ಥೆಯನ್ನೂ ಹಿಂದಿದ್ದದ್ದನ್ನೂ ಜನರ ಕೈಗೇ ಕೊಟ್ಟು ನೋಡಿದರು. ಮುಂದಿದ್ದದ್ದನ್ನು ಬಳಸಿದವರು ಜಾಸ್ತಿ ಉತ್ತರವನ್ನೇನೂ ಕಂಡುಹಿಡಿಯಲಿಲ್ಲ. ಮನುಷ್ಯರು ಬೇಡದ್ದನ್ನು ದಾಟಿಕೊಂಡು ಹೋಗುತ್ತಾರೆ, ಪದ ಬದಲಿಸಿ ಮತ್ತೆ ಹುಡುಕುತ್ತಾರೆ. ಕೆಲವರು ಅರ್ಧಕ್ಕೇ ಎದ್ದು ಹೋಗುತ್ತಾರೆ. ಇದ್ಯಾವುದೂ ಪರ್ಸೆಂಟಿನಲ್ಲಿ ಕಾಣುವುದಿಲ್ಲ.

ಓದುಗರ ಸಮಯ ಉಳಿಸಿ ಅಂತ 1931ರಲ್ಲೇ ಸೂತ್ರ ಬರೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುಮಾಡಿದವರು. ಅಂಥ ಊರಿನ ಸುತ್ತಮುತ್ತಲೇ ನಾವು ಡೆಮೊ ನೋಡಿ ಮೆಷಿನ್ ತಗೊಳ್ತೀವಿ.

ಮಾಡಬೇಕಾದ್ದು ಅಷ್ಟೇನೂ ಕಷ್ಟವಲ್ಲ. ನಿಜವಾಗಿ ಏನೋ ಬೇಕಾಗಿ ಬಂದ ಇಪ್ಪತ್ತು ಜನರನ್ನು ಕೂರಿಸಿ, ಪಕ್ಕದಲ್ಲಿ ಕೂತು ನೋಡಿ. ಪದ ನೀವು ಹೇಳಿಕೊಡಬೇಡಿ. ಬಾಯಿಬಿಟ್ಟು ಯೋಚಿಸಲು ಹೇಳಿ. ಎರಡು ತಂತ್ರಾಂಶ ಹೋಲಿಸುವುದಾದರೆ ಅರ್ಧ ಜನಕ್ಕೆ ಇದನ್ನು ಮೊದಲು, ಉಳಿದವರಿಗೆ ಅದನ್ನು ಮೊದಲು ಕೊಡಿ. ಇಲ್ಲದಿದ್ದರೆ ಮೊದಲನೆಯದರಲ್ಲಿ ಕೈ ಪಳಗಿ, ಎರಡನೆಯದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಎಷ್ಟು ನಿಮಿಷ ಹಿಡಿಯಿತು, ಎಲ್ಲಿ ಕೈಬಿಟ್ಟರು ಅಂತ ಬರೆದುಕೊಳ್ಳಿ. ಮುಖ್ಯವಾಗಿ, ಸಿಕ್ಕಿತು ಅಂತ ಎದ್ದವರಿಗೆ ನಿಜಕ್ಕೂ ಸಿಕ್ಕಿತ್ತಾ ಅಂತ ನೋಡಿ. ಅಭಿಪ್ರಾಯದ ಫಾರಂ ನಂಬಬೇಡಿ, ನಮ್ಮ ಜನ ಮರ್ಯಾದಸ್ಥರು, ಮುಖಕ್ಕೆ ಹೊಡೆದ ಹಾಗೆ ಚೆನ್ನಾಗಿಲ್ಲ ಅನ್ನುವುದಿಲ್ಲ. ಏನೂ ಸಿಗದಿದ್ದರೆ ‘ನಂಗೆ ಕಂಪ್ಯೂಟರ್ ಬರಲ್ಲ ಸಾರ್’ ಅಂತ ತಪ್ಪನ್ನು ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ.

ಇಲ್ಲೂ ಈ ವರ್ಷ ಕ್ಯಾಟಲಾಗ್ ಬದಲಾಗುತ್ತಿದೆ. ಡೆಮೊಗೆ ಬರುವವರು ಕೀಬೋರ್ಡ್ ಮುಟ್ಟುವ ಹಾಗಿಲ್ಲ ಅಂತ ಮೊದಲೇ ಹೇಳಿದ್ದೇನೆ. ಟೈಪ್ ಮಾಡುವವರು ಮೊದಲ ವರ್ಷದ ಹುಡುಗರು.

– ಒಬ್ಬ ಗ್ರಂಥಪಾಲಕ, ತುಮಕೂರು ಜಿಲ್ಲೆ