ಆಫೀಸಿಗೆ ಬೀಗ ಹಾಕಬೇಡ

ಚಿ. ಮಗಳಿಗೆ ಆಶೀರ್ವಾದ.

ಭಾನುವಾರ ಫೋನಿನಲ್ಲಿ ಆಡಿದ ಮಾತುಗಳನ್ನು ಮತ್ತೆ ಎತ್ತುವುದಿಲ್ಲ. ನನ್ನ ದನಿ ಜೋರಾಗಿತ್ತು, ನಿನ್ನದೇನೂ ಕಡಿಮೆ ಇರಲಿಲ್ಲ. ನಿಮ್ಮವ್ವ ಇಬ್ಬರಿಗೂ ಬೈದಳು.

ನೀನು ಜಿಲ್ಲಾ ಪಂಚಾಯ್ತಿಗೆ ನಿಲ್ಲುವುದಕ್ಕೆ ನನ್ನ ತಕರಾರಿಲ್ಲ. ಪಕ್ಕದ ಮನೆಯವರಿಗೆ ಆಗಲೇ ಹೇಳಿಬಿಟ್ಟಿದ್ದೇನೆ. ನನ್ನನ್ನು ಚುಚ್ಚಿದ್ದು ಬೇರೆ. ಬಳ್ಳಾರಿಯ ಆಫೀಸು ಮುಚ್ಚಿ, ಕೇಸುಗಳನ್ನೆಲ್ಲ ಬೇರೆಯವರಿಗೆ ಕೊಟ್ಟು, ವಕೀಲಿ ಮಾಡುವ ಸನ್ನದನ್ನೂ ಅಮಾನತಿನಲ್ಲಿ ಇಡುತ್ತೇನೆ ಅಂದೆಯಲ್ಲ, ಅದು. ‘ಎಂ.ಪಿ. ಪ್ರಕಾಶರೂ ವಕೀಲರೇ ಅಲ್ವಾ ಅಪ್ಪ?’ ಅಂತ ಬಾಯಿ ಮುಚ್ಚಿಸಿದೆ. ಆ ಹೆಸರು ಹೇಳಿದರೆ ನಾನು ಮೆತ್ತಗಾಗುತ್ತೇನೆ ಅಂತ ನಿನಗೆ ಗೊತ್ತು.

ಹಾಗಿದ್ದರೆ ಲೆಕ್ಕ ಪೂರ್ತಿ ನೋಡು. ಪ್ರಕಾಶರು ಹಡಗಲಿಯಿಂದ ವಿಧಾನಸಭೆಗೆ 1983ರಲ್ಲಿ ಗೆದ್ದರು, 1985ರಲ್ಲೂ ಗೆದ್ದರು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಮಂತ್ರಿಯಾದರು. 1989ರಲ್ಲಿ ಸೋಲು. 1994ರಲ್ಲಿ ಗೆಲುವು, 1999ರಲ್ಲಿ ಮತ್ತೆ ಸೋಲು. 2004ರಲ್ಲಿ ಗೆದ್ದು ಮರುವರ್ಷ ಉಪಮುಖ್ಯಮಂತ್ರಿ. ಅಷ್ಟರಲ್ಲಿ ಕ್ಷೇತ್ರ ಮರುವಿಂಗಡಣೆ ಬಂತು, ಹಡಗಲಿ ಮೀಸಲು ಕ್ಷೇತ್ರವಾಯಿತು. ಅದು ತಪ್ಪಂತ ನಾನು ಹೇಳುವುದಿಲ್ಲ. ಆದರೆ ಇವರು 2008ರಲ್ಲಿ ಹರಪನಹಳ್ಳಿಗೆ ಹೋಗಿ ನಿಲ್ಲಬೇಕಾಯಿತು. ಸೋತರು. 2011ರಲ್ಲಿ ತೀರಿಕೊಂಡರು. ಹಂಪಿ ಉತ್ಸವ ಶುರು ಮಾಡಿದ ಮನುಷ್ಯನ ಕಥೆ ಇದು.

ಸೋತ ವರ್ಷಗಳಲ್ಲಿ ಅವರಿಗೆ ಹಡಗಲಿಯ ರಂಗಭಾರತಿ ನಾಟಕ ತಂಡ ಇತ್ತು, ನಾಟಕ ಇತ್ತು, ಪುಸ್ತಕ ಇತ್ತು. ನಿನಗಿರುವುದು ಆ ಆಫೀಸು ಒಂದೇ. ಅವರ ಮಗಳು 2023ರಲ್ಲಿ ಅದೇ ಹರಪನಹಳ್ಳಿಯಲ್ಲಿ ಪಕ್ಷೇತರರಾಗಿ ಗೆದ್ದರಲ್ಲ ಅನ್ನುತ್ತೀ. ಭೇಷ್, ಗೆದ್ದರು. ಅವರಿಗೆ ಅಪ್ಪನ ಹೆಸರಿತ್ತು. ನಿನ್ನಪ್ಪ ಗುಮಾಸ್ತ.

ಗುಮಾಸ್ತನಾಗಿ ಕಂಡದ್ದನ್ನೇ ಹೇಳುತ್ತೇನೆ. ನಾನಿದ್ದ ವಕೀಲರು ಒಂದು ಸಲ ಎಲೆಕ್ಷನ್ನಿಗೆ ನಿಂತರು. ಹೆಸರು ಬೇಡ. ನನ್ನನ್ನೂ ಕರಪತ್ರ ಹಂಚಲು ಕಳಿಸಿದ್ದರು. ಅವತ್ತು ಸಿರುಗುಪ್ಪ ಕಡೆಯ ಒಬ್ಬ ರೈತನ ವಾಯಿದೆ. ಕಾಲುವೆಯ ಕೊನೆ ಭಾಗದ ಜಮೀನು, ನೀರು ಮುಟ್ಟಿದರೆ ಮುಟ್ಟಿತು ಇಲ್ಲದಿದ್ದರೆ ಇಲ್ಲ. ಅಂಥ ಭೂಮಿಗೂ ದಾವೆ. ವಕೀಲರು ಬರಲಿ, ಒಟ್ಟಿಗೆ ಒಳಗೆ ಹೋಗೋಣ ಅಂತ ಆತ ಹೊರಗೆ ಮರದ ಕೆಳಗೆ ಕೂತಿದ್ದಾನೆ. ಒಳಗೆ ಹೆಸರು ಕೂಗಿದ್ದು ಆತನಿಗೆ ಕೇಳಿಲ್ಲ. ದಾವೆ ವಜಾ ಆಯಿತು. ಮೂವತ್ತು ದಿನದೊಳಗೆ ಅರ್ಜಿ ಹಾಕಿದರೆ ಕೇಸು ಮತ್ತೆ ಜೀವ ಪಡೆಯುತ್ತೆ, ನಿನಗೆ ನಾನು ಹೇಳಬೇಕಾ? ಅರ್ಜಿ ಟೈಪ್ ಮಾಡಿಸಿದೆ. ಸಹಿಗಾಗಿ ಪ್ರಚಾರದ ಜೀಪಿನ ಹಿಂದೆ ಅಲೆದೆ. ಇವತ್ತು ನಾಳೆ ಅನ್ನುತ್ತ ದಿನ ಮುಗಿಸಿಬಿಟ್ಟರು.

ಮತಎಣಿಕೆ ಆದ ಮೇಲೆ ಆ ರೈತ ಆಫೀಸಿಗೆ ಬಂದ. ಜಮೀನಿನ ಮಾತೇ ಇಲ್ಲ. ‘ನಮ್ಮ ವಕೀಲ್ರು ಗೆದ್ರಾ?’ ಅಂದ. ಇಲ್ಲ ಅಂದೆ. ‘ಪಾಪ’ ಅಂದ.

ಆ ‘ಪಾಪ’ ನನಗೆ ಇವತ್ತಿಗೂ ನುಂಗಲಾಗಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೋರ್ಟಿನ ಪಡಸಾಲೆಯಲ್ಲಿ ನಿಮ್ಮ ಕಕ್ಷಿದಾರರು ಕೂತಿರುವುದನ್ನು ಕಂಡಾಗಲೆಲ್ಲ ಅವನೇ ಕೂತ ಹಾಗೆ ಕಾಣುತ್ತೆ. ನಿನ್ನ ಟೇಬಲ್ ಮುಂದೆ ಕೂರುವವರೂ ಅಂಥವರೇ. ಬೇರೆ ವಕೀಲರಿಗೆ ಕೊಡುತ್ತೇನೆ ಅಂದರೆ ಅವರು ಯಾವ ಧೈರ್ಯದ ಮೇಲೆ ಹೋಗುತ್ತಾರೆ? ಅವರು ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದ್ದು ನಿನ್ನ ಮುಖ ನೋಡಿ.

ಇನ್ನೊಂದು. ಶಾಸಕರೂ ವಕೀಲಿ ಮಾಡಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಶಾಸಕರಿಗೇ ಆಗುವುದಾದರೆ ನಿನಗೇನು ಅಡ್ಡಿ? ಜಿಲ್ಲಾ ಪಂಚಾಯ್ತಿಗಳ ಅವಧಿ 2021ಕ್ಕೇ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನೆಚ್ಚಿಕೊಂಡು ಕೂತವರು ಏನು ತಿಂದರು? ನಿನ್ನ ಕ್ಷೇತ್ರದ ಮೀಸಲಾತಿ ಹೇಗೆ ಬದಲಾಗುತ್ತೋ ಯಾರಿಗೆ ಗೊತ್ತು. ಸಾಲ ಮಾಡಬೇಡ. ಯಾರದೋ ಕಾರಿನಲ್ಲಿ ಓಡಾಡಬೇಡ. ಊಟದ ಹೊತ್ತಿಗೆ ಊಟ ಮಾಡು. ಸಾಕು, ಜಾಸ್ತಿ ಆಯಿತು.

ಶುಕ್ರವಾರ ಆ ಮುದುಕಿಯ ಆಸ್ತಿ ಪಾಲಿನ ದಾವೆಯಲ್ಲಿ ಪಾಟೀ ಸವಾಲು ಇದೆಯಲ್ಲ. ಯಾವ ಸಭೆ ಇದ್ದರೂ ಬಿಟ್ಟು ನೀನೇ ಹೋಗು, ಜೂನಿಯರ್ ಕೈಗೆ ಕೊಡಬೇಡ.

ಪ್ರಚಾರಕ್ಕೆ ಬರುತ್ತೀಯಾ ಅಂತ ನೀನು ಕೇಳಿದ್ದೆ. ಬಿಸಿಲು ಇಳಿದ ಮೇಲೆ ಬರುತ್ತೇನೆ. ಪಕ್ಷದ ಶಾಲು ಮಾತ್ರ ಹಾಕಿಕೊಳ್ಳುವುದಿಲ್ಲ.

ನಿನ್ನ ಅಪ್ಪ